ಮುಳ್ಳು ಏರ್ತಿದೆ, ನೀವೆಲ್ಲಿ ನೋಡ್ತಿದ್ದೀರಿ?

ನಿಮ್ಮ ಹತ್ರ ಒಂದು ಹಳೇ ಕಾರಿದೆ. ಇಲ್ಲ ಅನ್ಬೇಡಿ, ಇದೆ. ಮಾರುತಿ 800 ಇರಬಹುದು, ಝೆನ್ ಇರಬಹುದು, ಅಪ್ಪ ಬಿಟ್ಟುಹೋದ ಅಂಬಾಸಿಡರ್ ಇರಬಹುದು. ಹದಿನೈದು ವರ್ಷ ತುಂಬಿದ ಮೇಲೆ ಆರ್.ಟಿ.ಓ. ಆಫೀಸಿಗೆ ಅಲೆದು, ಇನ್ನೈದು ವರ್ಷಕ್ಕೆ ಆರ್.ಸಿ. ರಿನ್ಯೂ ಮಾಡಿಸಿಕೊಂಡು ಬಂದಿದ್ದೀರಿ. 'ಈಗಿನ ಕಾರೆಲ್ಲ ಬರೀ ಡಬ್ಬ ಕಣ್ರೀ, ಇದು ನೋಡಿ ಗಟ್ಟಿ' ಅಂತ ಮದುವೆ ಮನೇಲಿ ಸಿಕ್ಕವರಿಗೆಲ್ಲ ಹೇಳಿದ್ದೂ ಆಗಿದೆ.

ಸರಿ, ಒಪ್ಪಿದೆ. ಈಗ ನಾವಿಬ್ಬರೇ ಇದ್ದೀವಿ, ನಿಜ ಹೇಳಿಬಿಡಿ. ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲಕ್ಕೆ ಹೋಗೋಕೆ ಶುರುವಾಗಿ ಎಷ್ಟು ದಿನ ಆಯ್ತು? (ಮೆಲ್ಲಗೆ ಹೇಳಿ, ಮನೆಯವರಿಗೆ ಕೇಳಿಸೋದು ಬೇಡ.) ಮೊದಲನೇ ಸಲ ಬೆರಳಿಂದ ಮೀಟರ್ ಗಾಜನ್ನ ಟಕಟಕ ತಟ್ಟಿದ್ರಿ ತಾನೆ? ಮುಳ್ಳು ಇಳೀಲಿಲ್ಲ. ಆಮೇಲೆ ಏನು ಮಾಡಿದ್ರಿ? ಅದರ ಕಡೆ ನೋಡೋದನ್ನೇ ಬಿಟ್ರಿ!

ನಿಮ್ಮ ವಾದ ನನಗೆ ಗೊತ್ತು. 'ಆ ಮೀಟರೇ ಸರಿಯಿಲ್ಲ ಬಿಡಿ.' ಪೆಟ್ರೋಲ್ ಮುಳ್ಳು ಫುಲ್ ತೋರಿಸಿದಾಗ ಮೀಟರ್ ಸರಿಯಾಗಿರುತ್ತೆ, ಹೀಟ್ ತೋರಿಸಿದಾಗ ಮಾತ್ರ ಕೆಟ್ಟುಹೋಗಿರುತ್ತೆ. ಎಂಥಾ ನ್ಯಾಯ ಅಲ್ವಾ? ಬಿ.ಪಿ. ಜಾಸ್ತಿ ಬಂದಾಗಲೂ 'ಡಾಕ್ಟರ್ ಮಿಷನ್ನೇ ಹಳೇದು' ಅಂದವರು ನೀವೇ ಇರಬೇಕು.

ಒಂದು ಗುಟ್ಟು ಹೇಳ್ತೀನಿ. ಆ ಮೀಟರ್ ಸುಳ್ಳು ಹೇಳೋದೂ ಉಂಟು, ಆದ್ರೆ ನಿಮಗೆ ಬೇಕಾದ ದಿಕ್ಕಿನಲ್ಲಲ್ಲ. ಎಂಜಿನ್ ಒಳಗೆ ನೀರು ತೀರಾ ಕಡಿಮೆಯಾದ್ರೆ ಸೆನ್ಸರ್‌ಗೆ ತಾಗೋಕೆ ನೀರೇ ಇರಲ್ಲ. ಆಗ ಮುಳ್ಳು ಏನೂ ಗೊತ್ತಿಲ್ಲದ ಹಾಗೆ ಕೆಳಗೆ ಕೂತಿರಬಹುದು. ಎಂಜಿನ್ ಬೇಯ್ತಿರುತ್ತೆ, ನೀವು 'ನೋಡಿದ್ರಾ, ತಾನಾಗೇ ಸರಿಹೋಯ್ತು' ಅಂತ ಹಾಡಿನ ವಾಲ್ಯೂಮ್ ಏರಿಸ್ತಿರ್ತೀರಿ.

ಇನ್ನು ಎಷ್ಟೋ ಕಾರುಗಳಲ್ಲಿ ಬಿಸಿ ಸ್ವಲ್ಪ ಹೆಚ್ಚುಕಡಿಮೆಯಾದ್ರೂ ಮುಳ್ಳು ನಡುಮಧ್ಯ ಅಲುಗಾಡದೆ ನಿಲ್ಲೋ ಹಾಗೆ ಕಂಪನಿಯವರೇ ಮಾಡಿಟ್ಟಿರ್ತಾರೆ. ನಿಮ್ಮಂಥವರು ಸುಮ್ಸುಮ್ನೆ ಗಾಬರಿ ಬೀಳದಿರಲಿ ಅಂತ. ಅಂಥ ಮುಳ್ಳೂ ಜಾಗ ಬಿಟ್ಟು ಮೇಲೆದ್ದಿದೆ ಅಂದ್ರೆ ಒಳಗೆ ನಿಜವಾಗಿಯೂ ಏನೋ ಆಗಿದೆ ಅಂತ ಅರ್ಥ.

ಅಷ್ಟಕ್ಕೂ ಈ ಬಿಸಿ ಎಲ್ಲಿಂದ ಬರುತ್ತೆ ಗೊತ್ತಾ? ನೀವು ಬಂಕ್‌ನಲ್ಲಿ ದುಡ್ಡು ಕೊಟ್ಟು ಹಾಕಿಸೋ ಪೆಟ್ರೋಲ್‌ನಿಂದಲೇ. ಅದರ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸೈಲೆನ್ಸರ್ ದಾರಿ ಹಿಡಿಯುತ್ತೆ, ಹೆಚ್ಚುಕಡಿಮೆ ಅಷ್ಟೇ ರೇಡಿಯೇಟರ್ ಮೂಲಕ ಗಾಳಿಗೆ ಹೋಗುತ್ತೆ. ಉಳಿದಿದ್ದರಲ್ಲಿ ನೀವು, ನಿಮ್ಮ ಸಂಸಾರ, ಡಿಕ್ಕಿಯಲ್ಲಿರೋ ಹಲಸಿನಹಣ್ಣು ಎಲ್ಲ ಊರು ಸೇರಬೇಕು. ಆ ರೇಡಿಯೇಟರ್ ಪಾಲು ಹೊರಗೆ ಹೋಗದೆ ಒಳಗೇ ಉಳಿದ್ರೆ? ನೀವೇ ಲೆಕ್ಕ ಹಾಕಿ.

ಈ ತಲೆನೋವು ಕಾರಿನಷ್ಟೇ ಹಳೇದು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ಅನ್ನೋ ಗಟ್ಟಿಗಿತ್ತಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನ ಕಟ್ಟಿಕೊಂಡು, ಅವನೇ ಮಾಡಿದ ಮೂರು ಚಕ್ರದ ಕಾರಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟುಬಿಟ್ರು. ನೂರು ಕಿಲೋಮೀಟರ್ ಚಿಲ್ಲರೆ ದಾರಿ. ಎಂಜಿನ್ ಸುತ್ತಲ ನೀರು ಕುದ್ದು ಆವಿಯಾಗಿ ಹೋಗ್ತಿತ್ತು. ಆಕೆ ಸಿಕ್ಕ ಸಿಕ್ಕ ಕಡೆ ನಿಲ್ಲಿಸಿ ನೀರು ತುಂಬಿಸಿಕೊಂಡೇ ತವರು ಸೇರಿದ್ರು.

1901ರ ಮರ್ಸಿಡಿಸ್‌ಗೆ ವಿಲ್ಹೆಲ್ಮ್ ಮೈಬಾಕ್ ಅನ್ನೋ ಎಂಜಿನಿಯರ್ 8,070 ಪುಟಾಣಿ ಕೊಳವೆಗಳ ಜೇನುಗೂಡು ರೇಡಿಯೇಟರ್ ಕೂರಿಸಿದ. ಅದೇ ನೀರು ಸುತ್ತಿ ಸುತ್ತಿ ತಣ್ಣಗಾಗಿ ಬರೋ ಹಾಗಾಯ್ತು. ಅಲ್ಲಿಂದ ಜನ ದಾರಿಯುದ್ದಕ್ಕೂ ನೀರು ಹುಡುಕೋದು ತಪ್ಪಿತು. ನೀವು ಅದನ್ನ ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋಗಿ ನೀರು ನೋಡೋದನ್ನೇ ಬಿಟ್ರಿ!

ಆಯುಧಪೂಜೆ ದಿನ ನೆನಪು ಮಾಡ್ಕೊಳ್ಳಿ. ಬಾನೆಟ್ ಮೇಲೆ ಮೊಳಗಟ್ಟಲೆ ಸೇವಂತಿಗೆ, ವಿಭೂತಿ, ಕುಂಕುಮ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಗೇಟಿನ ಮುಂದೆ ಬೂದುಗುಂಬಳಕಾಯಿ. ಬಾನೆಟ್ ಮೇಲೆ ಇಷ್ಟೆಲ್ಲ ಮಾಡಿದ ನೀವು ಬಾನೆಟ್ ಕೆಳಗೆ ಇಣುಕಿದ್ರಾ? (ಬಾನೆಟ್ ಲಿವರ್ ಎಲ್ಲಿದೆ ಅಂತ ಗೊತ್ತಾ? ಸ್ಟಿಯರಿಂಗ್ ಪಕ್ಕ ಡ್ಯಾಶ್‌ಬೋರ್ಡ್ ಕೆಳಗೆ ಕೈಯಾಡಿಸಿ, ಸಾಮಾನ್ಯವಾಗಿ ಸಿಗುತ್ತೆ.)

ಹೀಟ್ ಜಾಸ್ತಿಯಾಗಿ ಗಾಡಿ ಮಧ್ಯದಾರೀಲಿ ನಿಂತಾಗಲಾದ್ರೂ ನೋಡ್ತೀರಾ? ಇಲ್ಲ. ಸೀದಾ ಗ್ಯಾರೇಜಿಗೆ ಹೋಗಿ 'ಏನು ಬೇಕೋ ಹಾಕಿಬಿಡಪ್ಪ' ಅಂತೀರಿ. ಅವನೂ ಮನುಷ್ಯನೇ. ರೇಡಿಯೇಟರ್ ಹೊಸದು ಬೀಳುತ್ತೆ. ಹೀಟ್ ಹೋಗಲ್ಲ. ವಾಟರ್ ಪಂಪ್ ಬದಲಾಗುತ್ತೆ. ಹೋಗಲ್ಲ. ಹೆಡ್ ಬಿಚ್ಚೋ ಮಾತು ಬರುತ್ತೆ. ಕೊನೆಗೆ ಯಾವನೋ ಹುಡುಗ ರೇಡಿಯೇಟರ್ ಕ್ಯಾಪ್ ತಿರುಗಿಸಿ ನೋಡಿ 'ಅಣ್ಣಾ, ಇದರ ರಬ್ಬರ್ರೇ ಹರಿದೋಗಿದೆ' ಅಂತಾನೆ.

ಗಾಡಿ ಹೀಟ್ ಆದ್ರೆ ಹುಡುಕೋ ಕ್ರಮ ಒಂದೇ: ಕಡಿಮೆ ದುಡ್ಡಿನದ್ದು ಮೊದಲು, ಜಾಸ್ತಿ ದುಡ್ಡಿನದ್ದು ಕೊನೆಗೆ. ನೀವು ಉಲ್ಟಾ ಮಾಡ್ತೀರಿ. ಯಾಕೆ ಅಂತ ನನಗೆ ಗೊತ್ತು. ದುಡ್ಡು ಕೊಟ್ರೆ ನೋಡೋ ಕೆಲಸ ಇನ್ನೊಬ್ಬರಿಗೆ ದಾಟುತ್ತೆ. ಬನ್ನಿ, ಇವತ್ತು ನಾವೇ ನೋಡೋಣ. ಕೈ ಸ್ವಲ್ಪ ಮಸಿಯಾಗುತ್ತೆ, ಅಷ್ಟೇ.

ಮೊದಲು ಹೊತ್ತು ಗೊತ್ತು ಮಾಡ್ಕೊಳ್ಳಿ. ಬೆಳಿಗ್ಗೆ, ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿ. ಆಫೀಸಿಂದ ಬಂದ ತಕ್ಷಣ ಉತ್ಸಾಹ ಬಂತು ಅಂತ ಕ್ಯಾಪ್ ತಿರುಗಿಸೋಕೆ ಹೋಗ್ಬೇಡಿ. ಒಳಗೆ ನೂರು ಡಿಗ್ರಿ ಆಸುಪಾಸಿನ ನೀರು ಒತ್ತಡದಲ್ಲಿ ಕೂತಿರುತ್ತೆ. ಕ್ಯಾಪ್ ಬಿಟ್ಟ ಕ್ಷಣ ಒತ್ತಡ ಹೋಗಿ ಅಷ್ಟೂ ಒಟ್ಟಿಗೆ ಕುದ್ದು ಮುಖದ ಮೇಲೇ ಚಿಮ್ಮುತ್ತೆ. ಇದರಲ್ಲಿ ಮಾತ್ರ ನನ್ನ ತಮಾಷೆ ಇಲ್ಲ.

ಕುಕ್ಕರ್ ಮುಚ್ಚಳ ವಿಸಿಲ್ ಇಳಿಯೋ ಮುಂಚೆ ತೆಗೀತೀರಾ? ಇದೂ ಅದೇ ಕಥೆ. ಕ್ಯಾಪ್ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತೆ ನೋಡಿ, ಅದು ಎಷ್ಟು ಒತ್ತಡ ತಡೆಯುತ್ತೆ ಅನ್ನೋ ಲೆಕ್ಕ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೇಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಒಳ್ಳೇ 0.9 ಕ್ಯಾಪ್ ಬಿಗಿಯಾಗಿದ್ರೆ ಅದೇ ನೀರು 115 ದಾಟೋವರೆಗೂ ಕುದಿಯಲ್ಲ.

ಅಂದ್ರೆ ಆ ಬಿಲ್ಲೆ ಸೋತ್ರೆ ನಿಮ್ಮ ಕಾರಿಗೆ ಹದಿನೆಂಟು–ಇಪ್ಪತ್ತು ಡಿಗ್ರಿ ಲಾಸು. ಕ್ಯಾಪ್ ತೆಗೆದು ಕೆಳಗಿನ ರಬ್ಬರ್ ನೋಡಿ. ಬಿರುಕು ಬಿಟ್ಟಿದ್ಯಾ, ಗಟ್ಟಿಯಾಗಿದ್ಯಾ, ತುಕ್ಕು ಹಿಡಿದಿದ್ಯಾ? ಹಾಗಿದ್ರೆ ಬದಲಾಯಿಸಿ. ಬದಲಾಯಿಸುವಾಗ ಹಳೇ ಕ್ಯಾಪ್ ಮೇಲಿನ ನಂಬರನ್ನೇ ಕೇಳಿ ತಗೊಳ್ಳಿ. 'ಇದು ಹೆವಿ ಡ್ಯೂಟಿ ಸಾರ್' ಅಂತ ಅಂಗಡಿಯವನು ಹೆಚ್ಚಿನ ನಂಬರ್ ಕೊಟ್ರೆ ಖುಷಿ ಪಡ್ಬೇಡಿ. ಕ್ಯಾಪ್ ತಡೆಯುತ್ತೆ, ನಿಮ್ಮ ಹಳೇ ರೇಡಿಯೇಟರ್ ಒಡೆಯುತ್ತೆ.

ಕ್ಯಾಪ್ ತೆಗೆದಿರಿ ತಾನೆ? ಹಾಗೇ ಒಳಗೆ ಇಣುಕಿ. ನೀರು ಕತ್ತಿನವರೆಗೂ ಇರಬೇಕು. 'ಬಾಟಲಿ ಫುಲ್ ಇದೆಯಲ್ಲ' ಅಂದ್ರಾ? ಇಲ್ಲೇ ನೀವು ಸಿಕ್ಕಿಬಿದ್ದಿದ್ದು. ಪಕ್ಕದ ಬಿಳೀ ರಿಸರ್ವ್ ಬಾಟಲಿ ನೋಡಿ 'ಮಿನ್–ಮ್ಯಾಕ್ಸ್ ಮಧ್ಯ ಇದೆ, ಎಲ್ಲ ಓಕೆ' ಅನ್ನೋದು ನಿಮ್ಮ ವರ್ಷದ ಏಕೈಕ ತಪಾಸಣೆ.

ಬಿಸಿಯಾದಾಗ ಹಿಗ್ಗಿದ ನೀರು ಕ್ಯಾಪ್ ದಾಟಿ ಬಾಟಲಿಗೆ ಹೋಗುತ್ತೆ, ತಣ್ಣಗಾದಾಗ ವಾಪಸ್ ಎಳೆದುಕೊಳ್ಳುತ್ತೆ. ಕ್ಯಾಪಿನ ರಬ್ಬರ್ ಹೋಗಿದ್ರೆ, ಅಥವಾ ಬಾಟಲಿಗೆ ಹೋಗೋ ಸಣ್ಣ ಪೈಪ್ ಸೀಳಿದ್ರೆ, ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತೆ. ಬಾಟಲಿ ತುಂಬಿರುತ್ತೆ, ರೇಡಿಯೇಟರ್ ಖಾಲಿಯಾಗ್ತಾ ಹೋಗುತ್ತೆ. (ನೀವು ಬಾಟಲಿ ನೋಡಿ ಸಮಾಧಾನ ಪಟ್ಕೊಂಡು ಧರ್ಮಸ್ಥಳಕ್ಕೆ ಹೊರಟಿರ್ತೀರಿ.)

ಈಗ ನೀರಿನ ಬಣ್ಣ ನೋಡಿ. ಹಸಿರೋ ಕೆಂಪೋ ನೀಲಿಯೋ ತಿಳಿಯಾಗಿದ್ರೆ ಪುಣ್ಯವಂತರು. ಕಂದು ಬಣ್ಣ ಇದ್ರೆ ಒಳಗೆ ತುಕ್ಕು ಹಬ್ಬ ಮಾಡ್ತಿದೆ. ಮೇಲೆ ಎಣ್ಣೆ ಜಿಡ್ಡು ತೇಲ್ತಿದ್ರೆ ಸ್ವಲ್ಪ ಹೊತ್ತು ಸುಮ್ನಿರಿ, ಆ ವಿಷಯಕ್ಕೆ ಆಮೇಲೆ ಬರ್ತೀನಿ. ಬರೀ ಬಣ್ಣಗೆಟ್ಟ ನೀರಿದ್ರೆ ಮಾತ್ರ ಈಗಲೇ ಒಂದು ಪ್ರಶ್ನೆ ಕೇಳ್ಬೇಕು. ಯಾವ ನೀರು ಹಾಕಿದ್ರಿ?

ಬೋರ್‌ವೆಲ್ ನೀರು! ನಿಮ್ಮ ಬಚ್ಚಲುಮನೆ ಬಕೆಟ್ ಮೇಲೆ ಬಿಳೀ ಕಲೆ ಹೋಗಲ್ಲ ಅಂತ ದಿನಾ ಗೊಣಗ್ತೀರಿ, ಗೀಸರ್ ಕಾಯಿಲ್ ಉಪ್ಪು ಕಟ್ಟಿ ಹೋಯ್ತು ಅಂತ ಬದಲಾಯಿಸಿದ್ರಿ. ಅದೇ ನೀರನ್ನ ಕೂದಲೆಳೆ ಸಂದಿನ ರೇಡಿಯೇಟರ್ ಒಳಗೆ ಹೊಯ್ದು ಬಂದಿದ್ದೀರಿ. ಅಲ್ಲಿ ಉಪ್ಪು ಕಟ್ಟಲ್ವಾ? 'ಇಲ್ಲ, ನಾನು ಕಾವೇರಿ ನೀರೇ ಹಾಕಿದ್ದು' ಅಂತೀರಿ. ಕಾವೇರಿ ನಿಮಗೆ ಪವಿತ್ರ, ಎಂಜಿನ್‌ಗೆ ಅವಳಲ್ಲೂ ಲವಣ ಇದೆ.

ಮಿನರಲ್ ವಾಟರ್ ಬಾಟಲಿ ಸುರಿದವರೂ ಇದ್ದೀರಿ. ಹೆಸರಲ್ಲೇ ಮಿನರಲ್ ಇದೆ ಕಣ್ರೀ! ಬೇಕಾದ್ದು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ಅದರ ಜೊತೆ ಅಷ್ಟೇ ಕೂಲೆಂಟ್. ಅದೂ ಬೇಡ ಅನ್ನಿಸಿದ್ರೆ ರೆಡಿಮಿಕ್ಸ್ ಕೂಲೆಂಟ್ ಕ್ಯಾನ್ ತಗೊಂಡು ಹಾಗೇ ಹಾಕಿ. ರೆಡಿಮಿಕ್ಸ್‌ಗೆ ಮತ್ತೆ ನೀರು ಬೆರೆಸಿ ಉಳಿತಾಯ ಮಾಡೋ ಬುದ್ಧಿ ಬೇಡ.

'ನಮ್ಮೂರಲ್ಲೇನು ಹಿಮ ಬೀಳುತ್ತಾ, ಕೂಲೆಂಟ್ ಯಾಕೆ?' ಈ ಪ್ರಶ್ನೆ ಕೇಳಿದಾಗ ನಿಮ್ಮ ಮುಖದಲ್ಲಿ ಒಂದು ಗೆಲುವಿನ ನಗೆ ಇರುತ್ತೆ. ಹಿಮಕ್ಕಲ್ಲ ಸ್ವಾಮಿ. ಅದು ಒಳಗಿನ ಕಬ್ಬಿಣ, ಅಲ್ಯೂಮಿನಿಯಂ ತಿನ್ನೋ ತುಕ್ಕನ್ನ ತಡೆಯುತ್ತೆ, ನೀರು ಕುದಿಯೋ ಮಟ್ಟ ಏರಿಸುತ್ತೆ. ಹಾಗಂತ ನೀರೇ ಇಲ್ಲದೆ ಬರೀ ಕೂಲೆಂಟ್ ಕಾನ್‌ಸಂಟ್ರೇಟ್ ಸುರಿಯೋ ದೊಡ್ಡಮನಸ್ಸೂ ಬೇಡ. ಬಿಸಿ ಹೊರೋದ್ರಲ್ಲಿ ನೀರಿಗಿಂತ ಅದು ಹಿಂದೆ.

ಬಣ್ಣ ನೋಡಿ ಬಣ್ಣ ಹಾಕೋ ಚಟವೂ ಒಂದಿದೆ. ಹಸಿರಿತ್ತು, ಹಸಿರು ಹಾಕಿದೆ. ಬಣ್ಣ ಬರೀ ಬಣ್ಣ, ಒಳಗಿನ ರಸಾಯನ ಬೇರೆ ಇರಬಹುದು. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆತ್ರೆ ಕೆಲವು ಸಲ ಗಟ್ಟಿಗಟ್ಟಿ ಲೋಳೆಯಾಗಿ ಪೈಪೆಲ್ಲ ಕಟ್ಟಿಬಿಡುತ್ತೆ. ಒಳಗಿರೋದು ಯಾವುದು ಅಂತ ಗೊತ್ತಿಲ್ವಾ? ಪೂರ್ತಿ ಇಳಿಸಿ, ತೊಳೆದು, ಹೊಸದು ಹಾಕಿಸಿ.

ತುಂಬಿಸಿದ ಮೇಲೆ ಗಾಳಿ ತೆಗೆಯೋದು ಮರೀಬೇಡಿ. ಎಷ್ಟೋ ಗಾಡಿ ಕೂಲೆಂಟ್ ಬದಲಾಯಿಸಿದ ಮಾರನೇ ದಿನವೇ ಹೀಟ್ ಆಗುತ್ತೆ, ನೀವು 'ಚೆನ್ನಾಗಿತ್ತು, ಕೈ ಹಾಕಿ ಕೆಡಿಸಿದ್ರು' ಅಂತ ಜಗಳಕ್ಕೆ ಹೋಗ್ತೀರಿ. ಒಳಗೆ ಏರ್ ಲಾಕ್ ಆಗಿರುತ್ತೆ, ಅಷ್ಟೇ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಫುಲ್ ಇಟ್ಟು, ಗುಳ್ಳೆ ನಿಲ್ಲೋವರೆಗೂ ಸ್ವಲ್ಪ ಸ್ವಲ್ಪ ತುಂಬಿಸ್ತಾ ಹೋಗ್ಬೇಕು.

ಇನ್ನೊಂದು ದೊಡ್ಡ ಸುಳಿವು ಕೇಳಿ. ಗಾಡಿ ಎಲ್ಲಿ ಹೀಟ್ ಆಗುತ್ತೆ? ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲೋ, ತುಮಕೂರು ಹೈವೇಲೋ? (ನೀವು ಮೆಕ್ಯಾನಿಕ್‌ಗೆ 'ಸುಮ್ನೆ ಹೀಟ್ ಆಗುತ್ತೆ' ಅಂತ ಮಾತ್ರ ಹೇಳ್ತೀರಿ. ಸುಮ್ನೆ ಯಾವುದೂ ಆಗಲ್ಲ.) ನಿಂತಲ್ಲಿ ಏರಿ, ಓಡುವಾಗ ಇಳಿದ್ರೆ ಫ್ಯಾನ್ ಕಡೆ ಬೆರಳು ಮಾಡಿ. ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತೆ, ನಿಂತಾಗ ಫ್ಯಾನೇ ಗತಿ.

ಫ್ಯಾನ್ ತಿರುಗ್ತಿದೆ ಅಂದ್ರಾ? ಯಾವ ಫ್ಯಾನ್? ಎ.ಸಿ. ಇರೋ ಎಷ್ಟೋ ಕಾರಲ್ಲಿ ಎರಡಿರುತ್ತೆ. ನೀವು ನೋಡಿದ್ದು ಎ.ಸಿ. ಕಂಡೆನ್ಸರ್ ಫ್ಯಾನ್, ಕೆಟ್ಟಿರೋದು ರೇಡಿಯೇಟರ್ ಫ್ಯಾನ್. ತಿರುಗದೇ ಇದ್ರೆ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇ, ಆಮೇಲೆ ಥರ್ಮೋ ಸ್ವಿಚ್. ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟಾಗ ತಿರುಗಿದ್ರೆ ಮೋಟಾರ್ ಚೆನ್ನಾಗಿದೆ, ರೋಗ ವೈರಿಂಗ್ ದಾರೀಲಿದೆ.

ತಿರುಗ್ತಿದ್ರೂ ಹೀಟ್ ಆದ್ರೆ? ರೇಡಿಯೇಟರ್ ಮುಂಭಾಗಕ್ಕೆ ಒಂದು ತುಂಡು ಪೇಪರ್ ಹಿಡೀರಿ. ಫ್ಯಾನ್ ಹಿಂದುಗಡೆ ಇರೋ ಗಾಡೀಲಿ ಪೇಪರ್ ಅಂಟಿಕೊಳ್ಳಬೇಕು. ಹಾರಿಹೋದ್ರೆ ಫ್ಯಾನ್ ಉಲ್ಟಾ ತಿರುಗ್ತಿದೆ, ವೈರ್ ಅದಲುಬದಲು ಮಾಡಿಟ್ಟಿದ್ದಾರೆ. (ಬೆರಳು, ವೇಲು, ಸೆರಗು ದೂರ ಇರಲಿ. ಕೀ ತೆಗೆದ ಮೇಲೂ ಕೆಲವು ಗಾಡೀಲಿ ಫ್ಯಾನ್ ತಾನಾಗೇ ಶುರುವಾಗುತ್ತೆ.)

ಊರೊಳಗೆ ಆರಾಮ, ಹೈವೇಲಿ ಮತ್ತೆ ಘಾಟಿಯಲ್ಲಿ ಹೀಟ್ ಅಂದ್ರೆ ಕಥೆ ಬೇರೆ. ಆಗ ನೀರಿನ ಓಟದಲ್ಲೋ ರೇಡಿಯೇಟರಲ್ಲೋ ತೊಂದರೆ. ರೇಡಿಯೇಟರ್ ಒಳಗೆ ಕಟ್ಟಿರಬಹುದು, ಹೊರಗಿನ ರೆಕ್ಕೆಗಳಲ್ಲಿ ಕೆಸರು, ಹುಳ, ರಾಗಿ ಒಕ್ಕಣೆ ಹೊಟ್ಟು ಎಲ್ಲ ತುಂಬಿರಬಹುದು. (ರಸ್ತೆ ಮೇಲೆ ಹರಡಿದ ರಾಗಿ ಹುಲ್ಲಿನ ಮೇಲೆ ಗಾಡಿ ಓಡಿಸಿ ರೈತರಿಗೆ ಸಹಾಯ ಮಾಡಿದೆ ಅಂತ ಬೀಗಿದ್ರಲ್ಲ?) ತಣ್ಣಗಿರುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೀರಿ. ಪ್ರೆಷರ್ ವಾಶ್ ಹಿಡಿದ್ರೆ ರೆಕ್ಕೆಗಳೆಲ್ಲ ಮಡಚಿಕೊಳ್ತವೆ.

ಕೆಳಗಿನ ಹೋಸ್ ಪೈಪ್ ಮೇಲೂ ಕಣ್ಣಿರಲಿ. ಹಳತಾಗಿ ಮೆತ್ತಗಾಗಿದ್ರೆ, ಎಕ್ಸಲೇಟರ್ ಜೋರಾಗಿ ಕೊಟ್ಟಾಗ ಪಂಪ್ ಎಳೆಯೋ ರಭಸಕ್ಕೆ ಅಪ್ಪಚ್ಚಿಯಾಗುತ್ತೆ. ನಿಧಾನಕ್ಕೆ ಬಂದ್ರೆ ಮತ್ತೆ ಸರಿಹೋಗುತ್ತೆ. ಗ್ಯಾರೇಜಲ್ಲಿ ನಿಂತಾಗ ಏನೂ ಕಾಣಲ್ಲ, ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಮಾತ್ರ ನಿಮ್ಮ ಮಾನ ಹೋಗುತ್ತೆ.

ಎಂಜಿನ್ ಬಿಸಿಯಾದ ಮೇಲೆ ಮೇಲಿನ ಹೋಸು, ಕೆಳಗಿನ ಹೋಸು ಎರಡನ್ನೂ ಹುಷಾರಾಗಿ ಮುಟ್ಟಿ ನೋಡಿ. (ಬೆರಳ ತುದಿ ಸಾಕು, ಮುಷ್ಟಿ ಕಟ್ಟಿ ಹಿಡೀಬೇಡಿ.) ಮುಳ್ಳು ಮೇಲೇರಿದ್ರೂ ರೇಡಿಯೇಟರ್ ಕಡೆ ತಣ್ಣಗೇ ಇದ್ರೆ ಬಿಸಿನೀರು ಅಲ್ಲಿಗೆ ಬರ್ತಾನೇ ಇಲ್ಲ. ಎಂಜಿನ್ ಕಾದಾಗ ನೀರಿಗೆ ದಾರಿ ಬಿಡೋ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿರಬಹುದು, ಪಂಪ್ ಕೈಕೊಟ್ಟಿರಬಹುದು.

ಥರ್ಮೋಸ್ಟಾಟ್ ಅಂದ ತಕ್ಷಣ ನಿಮ್ಮ ಮುಖ ಸಣ್ಣಗಾಯ್ತಲ್ಲ, ಯಾಕೆ? ಅದು ನಿಮ್ಮ ಗಾಡೀಲಿ ಇಲ್ಲ! 'ನಮ್ಮ ದೇಶಕ್ಕೆ ಅದು ಬೇಡ ಸಾರ್, ಚಳಿದೇಶದೋರಿಗೆ' ಅಂತ ಯಾರೋ ಎಂದೋ ತೆಗೆದು ಬಿಸಾಕಿದ್ರು, ನೀವು ತಲೆಯಾಡಿಸಿದ್ರಿ. ಅಲ್ಲಿಂದ ನಿಮ್ಮ ಎಂಜಿನ್ ಸರಿಯಾಗಿ ಕಾದದ್ದೇ ಇಲ್ಲ. ಕಾಯದ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತೆ, ಬೇಗ ಸವೆಯುತ್ತೆ. ಮೈಲೇಜ್ ಬರ್ತಿಲ್ಲ ಅಂತ ಬಂಕ್‌ನವರನ್ನ ಬೈದಿದ್ದು ನೀವು.

ಅದನ್ನ ಪರೀಕ್ಷೆ ಮಾಡೋದು ಅಡುಗೆಮನೆ ಕೆಲಸ. ಬೇಡದ ಪಾತ್ರೇಲಿ ನೀರಿಟ್ಟು, ಥರ್ಮೋಸ್ಟಾಟನ್ನ ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಅಂತಲೋ 88 ಅಂತಲೋ ಕೆತ್ತಿರುತ್ತೆ, ನೀರು ಆ ಬಿಸಿಗೆ ಬಂದಾಗ ಬಾಯಿ ತೆರೆಯಬೇಕು. ನೀರು ಕುದ್ದರೂ ತೆರೀಲಿಲ್ವಾ, ಹೊಸದು ತನ್ನಿ. (ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಹಾಲು ಕಾಯಿಸೋ ಪಾತ್ರೆ ಎತ್ತಿಕೊಂಡು ಹೋಗಿ ಮನೇಲಿ ಬೈಸಿಕೊಂಡ್ರೆ ನಾನು ಜವಾಬ್ದಾರನಲ್ಲ.)

ನೀರು ಕಮ್ಮಿಯಾಗ್ತಾ ಇದೆ, ಎಲ್ಲಿ ಹೋಗ್ತಿದೆ? ಗಾಡಿ ಕೆಳಗೆ ನೋಡಿ. ತೊಟ್ಟಿಕ್ಕಿದೆ. 'ಎ.ಸಿ. ನೀರು ಬಿಡಿ' ಅಂತ ನಿಮ್ಮ ಸಿದ್ಧ ಉತ್ತರ. ಎ.ಸಿ. ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಅಂಟಲ್ಲ. ಕೂಲೆಂಟ್‌ಗೆ ಬಣ್ಣ ಇದೆ, ಬೆರಳಿಗೆ ಜಾರುತ್ತೆ, ಸಿಹಿಸಿಹಿ ವಾಸನೆ ಬರುತ್ತೆ. ಮೂಸಿ ನೋಡಿದ್ರೆ ಸಾಕು, ನೆಕ್ಕಿ ನೋಡ್ಬೇಡಿ, ಅದು ವಿಷ.

ಬೀದಿನಾಯಿಗೆ ಆ ವಿವೇಕ ಇಲ್ಲ. ಸಿಹಿ ಅಂತ ನೆಕ್ಕುತ್ತೆ, ಕಿಡ್ನಿ ಹೋಗಿ ಸಾಯುತ್ತೆ. ಕೂಲೆಂಟ್‌ನಲ್ಲಿರೋ ಎಥಿಲೀನ್ ಗ್ಲೈಕಾಲ್ ಸ್ವಲ್ಪವೇ ಸಾಕು. ನೀವು ಬದಲಾಯಿಸಿದ ಹಳೇ ಕೂಲೆಂಟನ್ನ ಮನೆ ಮುಂದಿನ ಮೋರಿಗೆ ಚೆಲ್ಲಿದ್ರಲ್ಲ, ಇನ್ನು ಮೇಲೆ ಬೇಡ. ಕ್ಯಾನ್‌ಗೆ ತುಂಬಿ ಗ್ಯಾರೇಜಿಗೆ ಕೊಡಿ, ಚೆಲ್ಲಿದ ಜಾಗ ಚೆನ್ನಾಗಿ ತೊಳೀರಿ.

ಸೋರಿಕೆ ಹುಡುಕೋದು ಪತ್ತೇದಾರಿ ಕೆಲಸ. ಹೋಸ್ ತುದಿಯ ಕ್ಲಿಪ್ಪುಗಳ ಹತ್ರ ಬಿಳೀ–ಹಸಿರು ಪುಡಿ ಕಟ್ಟಿದ್ಯಾ? ಅಲ್ಲಿ ಜಿನುಗ್ತಿದೆ. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತೆ, ಅದನ್ನ ಬೇಕಂತಲೇ ಬಿಟ್ಟಿರೋದು. ಪಂಪಿನ ಸೀಲ್ ಹೋದಾಗ ಅಲ್ಲಿಂದ ನೀರು ಜಿನುಗಿ ನಿಮಗೆ ಹೇಳಲಿ ಅಂತ. ನಿಮ್ಮಂಥ ಬುದ್ಧಿವಂತರೊಬ್ಬರು ಅದಕ್ಕೆ ಎಂ-ಸೀಲ್ ಮೆತ್ತಿ ಬಂದಿದ್ದಾರೆ!

ಕೆಳಗೆಲ್ಲೂ ತೇವ ಇಲ್ಲ, ಆದ್ರೆ ಪಕ್ಕದ ಸೀಟಿನ ಮ್ಯಾಟ್ ಒದ್ದೆ, ಗಾಜಿನ ಒಳಗಡೆ ಜಿಡ್ಡುಜಿಡ್ಡು ಮಂಜು, ಕಾರೊಳಗೆ ಸಿಹಿ ವಾಸನೆ. ಇದು ಹೀಟರ್ ಕೋರ್ ಸೋರಿಕೆ. ನೀವೇನು ಮಾಡಿದ್ರಿ? ಡ್ಯಾಶ್‌ಬೋರ್ಡ್ ಮೇಲೆ ಮಲ್ಲಿಗೆ ವಾಸನೆಯ ಪರ್ಫ್ಯೂಮ್ ಡಬ್ಬಿ ಇಟ್ರಿ.

ಎಲ್ಲ ನೋಡಿದ್ರಿ. ಎಲ್ಲೂ ಸೋರಿಕೆ ಇಲ್ಲ, ಆದ್ರೂ ನೀರು ಮಾಯ. ಆಗಲೇ ಹೇಳಿದ್ನಲ್ಲ, ಎಣ್ಣೆ ಜಿಡ್ಡಿನ ವಿಷಯ, ಈಗ ಅಲ್ಲಿಗೆ ಬಂದ್ವಿ. ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ಮಧ್ಯ ಇರೋ ಗ್ಯಾಸ್ಕೆಟ್, ಅಂದ್ರೆ ನಿಮ್ಮ ಮೆಕ್ಯಾನಿಕ್ ಹೇಳೋ 'ಹೆಡ್ ಪ್ಯಾಕಿಂಗ್', ಸುಟ್ಟಿರಬಹುದು. ನೀರು ಸಿಲಿಂಡರ್ ಒಳಗೆ ಹೋಗಿ ಆವಿಯಾಗ್ತಿದೆ, ಇಲ್ಲಾ ಎಣ್ಣೆಗೆ ಸೇರ್ತಿದೆ.

ಗಾಬರಿಗೆ ಮುಂಚೆ ಪರೀಕ್ಷೆ. ಬೆಳಿಗ್ಗೆ ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ, ನೀರು ಕಾಯೋ ಮುಂಚೆಯೇ, ಮೇಲಿನ ಹೋಸ್ ಕಲ್ಲಾಗಿ ಬಿಗಿದುಕೊಳ್ತಾ? ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದ್ರೆ ಗುಳ್ಳೆ ನಿಲ್ಲದೆ ಬರ್ತಾನೇ ಇರುತ್ತಾ? ಹಾಗಿದ್ರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಒಳ್ಳೇ ಗ್ಯಾರೇಜಲ್ಲಿ ಒಂದು ನೀಲಿ ದ್ರವ ಇರುತ್ತೆ. ರೇಡಿಯೇಟರಿನ ಆವಿ ಅದರ ಮೂಲಕ ಹೋದಾಗ ಹಳದಿಗೆ ತಿರುಗಿದ್ರೆ ಪ್ಯಾಕಿಂಗ್ ಹೋಗಿರೋದು ಖಾತ್ರಿ.

ಸುಮ್ಸುಮ್ನೆ ಹೆದರೋರಿಗೂ ಒಂದು ಮಾತು. ಮಡಿಕೇರಿ ಚಳೀಲಿ ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳೀ ಹೊಗೆ ಬಂದ್ರೆ ಅದು ಬರೀ ಆವಿ. ಎಂಜಿನ್ ಕಾದ ಮೇಲೂ ದಟ್ಟವಾಗಿ ಸಿಹಿ ವಾಸನೆ ಹೊಡೆದ್ರೆ ಮಾತ್ರ ಚಿಂತೆ. ಮಲೆನಾಡ ಮಳೆಗಾಲದಲ್ಲಿ ಅಂಗಡಿಗೂ ಮನೆಗೂ ಮಾತ್ರ ಓಡೋ ಗಾಡೀಲಿ ಆಯಿಲ್ ಮುಚ್ಚಳದ ಕೆಳಗೆ ಸ್ವಲ್ಪ ಬಿಳೀ ಕೆನೆ ಕಟ್ಟುತ್ತೆ, ಅದೂ ತೇವವೇ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲೂ ಎಣ್ಣೆ ಬೆಳ್ಳಗೆ ನೊರೆನೊರೆಯಾಗಿದ್ರೆ ಗಾಡಿ ಸ್ಟಾರ್ಟೇ ಮಾಡ್ಬೇಡಿ.

ಈ ಪ್ಯಾಕಿಂಗ್ ಯಾಕೆ ಹೋಗುತ್ತೆ ಗೊತ್ತಾ? ಬಹಳ ಸಲ ನಿಮ್ಮ 'ಇನ್ನೇನು ಮನೆ ಬಂತು' ಅನ್ನೋ ಮಾತಿನಿಂದ. ಎಷ್ಟೋ ಗಾಡೀಲಿ ಹೆಡ್ಡಿನ ಅಲ್ಯೂಮಿನಿಯಂ ಬ್ಲಾಕಿನ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ. ಮುಳ್ಳು ಕೆಂಪಿಗೆ ಮುಟ್ಟಿದ ಮೇಲೂ ಓಡಿಸಿದ ಆ ನಾಲ್ಕು ಕಿಲೋಮೀಟರಲ್ಲಿ ಹೆಡ್ ಸೊಟ್ಟಗಾಗುತ್ತೆ. ಆಮೇಲೆ 'ಹೆಡ್ ಬೆಂಡ್ ಆಗಿದೆ ಸಾರ್, ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸ್ಬೇಕು' ಅಂತ ಫೋನ್ ಬರುತ್ತೆ. ಕ್ಯಾಪಿಗೆ ನೂರಿನ್ನೂರು ಕೊಡೋಕೆ ಯೋಚಿಸಿದೋರು ಆಗ ಚೆಕ್‌ಬುಕ್ ಹುಡುಕ್ತೀರಿ.

ಹಾಗಾದ್ರೆ ದಾರೀಲಿ ಮುಳ್ಳು ಏರಿದ್ರೆ ಏನು ಮಾಡ್ಬೇಕು? ಎ.ಸಿ. ಆಫ್. ಹೀಟರ್ ಫುಲ್ ಆನ್. (ಮೇ ತಿಂಗಳಲ್ಲಿ ರಾಯಚೂರಲ್ಲಿದ್ರೆ ನನ್ನನ್ನ ಬೈಕೊಳ್ಳಿ, ಆದ್ರೆ ಹಾಕಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್ರೇ.) ಕಿಟಕಿ ಇಳಿಸಿ. ಆದ್ರೂ ಇಳೀದೆ ಕೆಂಪಿನ ಹತ್ರ ಹೋದ್ರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮನೆ ನೂರು ಮೀಟರ್ ಇದ್ರೂ ಸರಿಯೇ.

ಆಮೇಲೆ ಕಾಯಿರಿ. ನಿಮಗೆ ಬಾರದ ಕೆಲಸ ಇದೊಂದೇ. ಬಾಟಲಿ ತಣ್ಣೀರನ್ನ ಎಂಜಿನ್ ಮೇಲೆ ಸುರೀಬೇಡಿ, ಕಾದ ಲೋಹ ಬಿರುಕು ಬಿಡುತ್ತೆ. ಮುಕ್ಕಾಲು ಗಂಟೆ ಬೇಕು. ಚಹಾ ಕುಡೀರಿ, ಇನ್ನೊಂದು ಚಹಾ ಕುಡೀರಿ. ಮೇಲಿನ ಹೋಸನ್ನ ಆರಾಮಾಗಿ ಹಿಡಿದು ಅಮುಕೋಕೆ ಆದಾಗ ದಪ್ಪ ಬಟ್ಟೆ ಹಿಡಿದು ಕ್ಯಾಪ್ ಮೆಲ್ಲಗೆ ತೆಗೆದು, ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಆಗ ಯಾವ ನೀರಾದ್ರೂ ಸರಿ, ಊರು ಸೇರಿದ ಮೇಲೆ ತೊಳೆಸಿಬಿಡಿ.

ಲಾರಿ ಅಣ್ಣಂದಿರು ನಿಮ್ಮ ಪಾಡು ನೋಡಿ 'ಅರಿಶಿನ ಪುಡಿ ಹಾಕಿ ಸಾರ್' ಅಂತಾರೆ. ಸುಳ್ಳಲ್ಲ. ಸೂಜಿಮೊನೆಯಷ್ಟು ತೂತಿದ್ರೆ ಅರಿಶಿನ ಅಲ್ಲಿ ಹೋಗಿ ಕೂತು ಸದ್ಯಕ್ಕೆ ಮುಚ್ಚುತ್ತೆ. ಆದ್ರೆ ಅದಕ್ಕೆ ತೂತು ಯಾವುದು, ರೇಡಿಯೇಟರ್ ಕೊಳವೆ ಯಾವುದು ಅನ್ನೋ ಭೇದ ಇಲ್ಲ, ಎರಡನ್ನೂ ಮುಚ್ಚುತ್ತೆ. ಮುಂದಿನ ಊರು ಸೇರೋಕೆ ಮಾತ್ರ ಅದು. ನೀವು ಅರಿಶಿನ ಹಾಕಿ ಮುಂದಿನ ದೀಪಾವಳಿವರೆಗೂ ಓಡಿಸೋ ಜಾತಿ, ಅದಕ್ಕೇ ಹೇಳ್ತಿರೋದು.

ಕೊನೇ ಮಾರುತಿ 800 ಫ್ಯಾಕ್ಟರಿ ಬಿಟ್ಟದ್ದು 2014ರ ಜನವರಿಯಲ್ಲಿ, ಅಂಬಾಸಿಡರ್ ನಿಂತದ್ದೂ ಅದೇ ವರ್ಷ. ನಿಮ್ಮ ಗಾಡಿಗೆ ಇನ್ನು ತಮ್ಮಂದಿರು ಹುಟ್ಟಲ್ಲ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಹುಡುಕಿದ್ರೆ ಕ್ಯಾಪು, ಹೋಸು, ಥರ್ಮೋಸ್ಟಾಟ್ ಈಗಲೂ ಸಿಗ್ತವೆ. ಎಲ್ಲ ಸೇರಿಸಿದ್ರೂ ಹೆಡ್ ಕೆಲಸದ ಬಿಲ್ಲಿನ ಹತ್ರಕ್ಕೂ ಬರಲ್ಲ.

ಇಷ್ಟು ಓದಿ 'ಭಾನುವಾರ ನೋಡೋಣ' ಅಂದ್ಕೊಂಡ್ರಿ, ಹೌದು ತಾನೆ? ಭಾನುವಾರ ನಿಮಗೆ ನಿದ್ದೆ, ಬಾಡೂಟ, ಮತ್ತೆ ನಿದ್ದೆ, ನನಗೆ ಗೊತ್ತು. ನಾಳೆ ಬೆಳಿಗ್ಗೆಯೇ, ಕೀ ತಿರುಗಿಸೋ ಮುಂಚೆ, ಬಾನೆಟ್ ಎತ್ತಿ, ಕ್ಯಾಪ್ ತೆಗೆದು, ಒಳಗೆ ನೀರಿದ್ಯಾ ನೋಡಿ. ಐದು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ.